ಸಮಯ ಗೊತ್ತಿಲ್ಲ ಎನ್ನಲಾರದ ಯಂತ್ರ

ರಾತ್ರಿ ಎರಡಕ್ಕೆ ಕರೆಂಟು ಹೋಯಿತು ಎಂದಿಟ್ಟುಕೊಳ್ಳಿ. ಮಳೆಮಾಪಕಕ್ಕೆ ಜೋಡಿಸಿದ್ದ ರಾಸ್ಪ್‌ಬೆರಿ ಪೈ ಆಫ್ ಆಯಿತು. ಐದಕ್ಕೆ ಕರೆಂಟು ಬಂತು, ನೆಟ್ ಬಂದದ್ದು ಏಳಕ್ಕೆ. ನಡುವಿನ ಎರಡು ಗಂಟೆ ಸುರಿದ ಮಳೆಯನ್ನು ಆ ಪುಟ್ಟ ಕಂಪ್ಯೂಟರು ಒಂದು ಹನಿಯೂ ಬಿಡದೆ ದಾಖಲಿಸಿತು. ಆದರೆ ಸರಿಸುಮಾರು ಎರಡರಿಂದ ನಾಲ್ಕರವರೆಗೆ ಬಂದ ಮಳೆ ಎಂದು. ದಾಖಲೆಯಲ್ಲಿ ಎಲ್ಲೂ ಎಚ್ಚರಿಕೆಯ ಗುರುತಿಲ್ಲ. ಓದುವವರು ಅನುಮಾನಪಡಲು ಕಾರಣವೂ ಇಲ್ಲ.

ಇದು ಕೆಟ್ಟುಹೋದ ಬೋರ್ಡಿನ ಕಥೆಯಲ್ಲ, ಚೆನ್ನಾಗಿಯೇ ಇರುವ ಬೋರ್ಡಿನದು. 2012ರ ಮೊದಲ ಪೈಯಿಂದ ಪೈ 4ರವರೆಗೆ, ಕರೆಂಟು ಹೋದಾಗಲೂ ಓಡುವ ಗಡಿಯಾರ ಈ ಬೋರ್ಡುಗಳಲ್ಲಿ ಇಲ್ಲ. ಹಳೆಯ ಡೆಸ್ಕ್‌ಟಾಪುಗಳಲ್ಲೂ ಇರುವ ಆ ಬಿಲ್ಲೆಯಂಥ ಸೆಲ್ಲಿಗೆ ಇಲ್ಲಿ ಜಾಗವಿಲ್ಲ. ಬದಲಿಗೆ ಸಾಫ್ಟ್‌ವೇರು ಆಗಾಗ ಸಮಯವನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಮತ್ತೆ ಆನ್ ಆದಾಗ ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಬಹುಕಾಲ ಈ ಕೆಲಸ ಮಾಡಿದ ಪ್ರೋಗ್ರಾಮಿನ ಹೆಸರು ‘ಫೇಕ್ ಎಚ್‌ಡಬ್ಲ್ಯೂಕ್ಲಾಕ್’. ಹೆಸರಿಡುವಾಗಲಾದರೂ ಪ್ರಾಮಾಣಿಕತೆ ಇತ್ತು.

ಸಮರ್ಥಕರ ಉತ್ತರ ಸಿದ್ಧವಿದೆ: ನೆಟ್ ಕೊಡಿ, ಎನ್‌ಟಿಪಿ ನೋಡಿಕೊಳ್ಳುತ್ತದೆ. ಡೇವಿಡ್ ಮಿಲ್ಸ್ 1985ರಲ್ಲಿ ರೂಪಿಸಿದ ಈ ಪ್ರೋಟೊಕಾಲ್ ಅದ್ಭುತವೇ. ಸಂದೇಶ ಹೋಗಿಬರಲು ಹಿಡಿದ ಹೊತ್ತನ್ನೂ ಲೆಕ್ಕಹಾಕಿ ಗಡಿಯಾರವನ್ನು ತಿದ್ದುತ್ತದೆ. ಆದರೆ ಅದು ತಿದ್ದುವುದು ಮುಂದಿನ ಸಮಯವನ್ನು, ಆಗಲೇ ಬರೆದಾದ ಸಾಲುಗಳನ್ನಲ್ಲ. ಗಡಿಯಾರ ತೀರಾ ಹಿಂದುಳಿದಿದ್ದರೆ ಇನ್ನೊಂದು ತೊಡಕು: ವೆಬ್‌ಸೈಟಿನ ಹೊಸ ಭದ್ರತಾ ಪ್ರಮಾಣಪತ್ರ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದುಕೊಂಡು ಯಂತ್ರ ಸಂಪರ್ಕವನ್ನೇ ನಿರಾಕರಿಸುತ್ತದೆ. ‘ನೆಟ್ ಇದ್ದೇ ಇರುತ್ತದೆ’ ಎಂಬುದು ತಾಂತ್ರಿಕ ವಾದವಲ್ಲ, ಕರೆಂಟು ಹೋಗದ ಊರಿನವರ ಅಭ್ಯಾಸ.

ಎರಡನೆಯ ಉತ್ತರ ಬೆಲೆಯದು. ಅಗ್ಗದ ಕಂಪ್ಯೂಟರು ಮಕ್ಕಳ ಕೈಗೆಟುಕಲಿ ಎಂಬ ಉದ್ದೇಶ ದೊಡ್ಡದು, ನಿಜ. ಮಕ್ಕಳ ಮೇಜಿನ ಮೇಲೆ ಕಲಿಯಲು, ಆಡಲು ಗಡಿಯಾರ ಬೇಕಿಲ್ಲ. ಆದರೆ ಅದೇ ಬೋರ್ಡು ಈಗ ಕಾರ್ಖಾನೆಗಳಲ್ಲೂ ತೋಟಗಳಲ್ಲೂ ಲೆಕ್ಕ ಬರೆಯುತ್ತಿದೆ. 2023ರ ಪೈ 5ರಲ್ಲಿ ಕೊನೆಗೂ ಗಡಿಯಾರ ಬಂತು, ಸೆಲ್ಲನ್ನು ಮಾತ್ರ ಬೇರೆ ಕೊಳ್ಳಬೇಕು. ಕೊಳ್ಳದವರ ಪಾಲಿಗೆ, ಕರೆಂಟು ಹೋದೊಡನೆ ಹಳೆಯ ಕಥೆಯೇ.

ದಾರಿ ಇಲ್ಲದೆ ಇಲ್ಲ. ಡಿಎಸ್3231 ಚಿಪ್ಪಿನ ಪುಟ್ಟ ಮಾಡ್ಯೂಲನ್ನು ನಾಲ್ಕು ತಂತಿಗಳಲ್ಲಿ ಜೋಡಿಸಬಹುದು. ಸೆಲ್ ಹಾಕಿದರೆ ಕರೆಂಟಿಲ್ಲದಾಗಲೂ ಓಡುತ್ತದೆ. ಸೆಕೆ-ಚಳಿಗೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುವುದರಿಂದ ಸಾಮಾನ್ಯ ಹವೆಯಲ್ಲಿ ವರ್ಷಕ್ಕೆ ತಪ್ಪುವುದು ಹೆಚ್ಚೆಂದರೆ ಒಂದು ನಿಮಿಷದಷ್ಟು. ಅದೂ ಇಲ್ಲದಿದ್ದರೆ ಬೇಕಾದದ್ದು ಹಣವಲ್ಲ, ಪ್ರಾಮಾಣಿಕತೆ. ‘ಟೈಮ್‌ಡೇಟ್‌ಸಿಟಿಎಲ್’ ಎಂಬ ಆದೇಶ ಕೊಟ್ಟರೆ ಗಡಿಯಾರ ಸರಿಹೊಂದಿದೆಯೇ ಇಲ್ಲವೇ ಎಂದು ಯಂತ್ರವೇ ಹೇಳುತ್ತದೆ. ಅಂದರೆ ಅದಕ್ಕೆ ಗೊತ್ತಿದೆ. ಗೊತ್ತಿದ್ದೂ ಪ್ರತಿ ಸಾಲಿಗೂ ಗಂಟೆ, ನಿಮಿಷ, ಸೆಕೆಂಡಿನ ಮುದ್ರೆ ಒತ್ತುವುದೇ ತಪ್ಪು. ಲೆಕ್ಕ ಬರೆಯುವ ಪ್ರೋಗ್ರಾಮು ಗಡಿಯಾರ ಸರಿಹೊಂದುವ ತನಕ ಕಾಯಲಿ. ಕಾಯಲಾಗದಿದ್ದರೆ ಸಾಲಿನ ಪಕ್ಕ ‘ಸಮಯ ಖಚಿತವಿಲ್ಲ’ ಎಂದು ಬರೆಯಲಿ. ಹೀಗೆ ಬರೆಸದ ಪ್ರೋಗ್ರಾಮರನೂ ಈ ಸುಳ್ಳಿನ ಪಾಲುದಾರ.

ನಿಂತ ಗಡಿಯಾರ ಯಾರಿಗೂ ಮೋಸ ಮಾಡುವುದಿಲ್ಲ, ನಿಂತಿರುವುದು ಕಣ್ಣಿಗೆ ಕಾಣುತ್ತದೆ. ಮೂರು ಗಂಟೆ ಹಿಂದಿದ್ದೂ ಟಿಕ್‌ಟಿಕ್ ಎನ್ನುವುದೇ ಅಪಾಯ. ಅಂಥದ್ದನ್ನು ನಂಬಿದವರು, ಆ ರಾತ್ರಿ ಮಳೆ ಎಷ್ಟು ಹೊತ್ತಿಗೆ ಬಂತೆಂದು ಕೊನೆಗೆ ಪಕ್ಕದ ಮನೆಯವರನ್ನೇ ಕೇಳಬೇಕಾಗುತ್ತದೆ.