ಅಣು ಇಂಧನದ ಅಳತೆಯೂ ಜನರ ವಿಶ್ವಾಸವೂ

ಕೈಗಾ ಅಣು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗಲೆಲ್ಲ ಕರಾವಳಿಯಲ್ಲಿ ಕೇಳಿಬರುವುದು ಒಂದೋ ಭಯದ ಮಾತು, ಇಲ್ಲವೇ ಅಭಿಮಾನದ ಮಾತು. ಇವೆರಡರ ನಡುವೆ ನಾವು ಕೇಳಬೇಕಾದ ಮೂರನೆಯದೊಂದಿದೆ. ಅದು ಇಂಧನದ ಅಳತೆ.

2018ರ ಡಿಸೆಂಬರ್ 31ರಂದು ನಿಂತಾಗ ಕೈಗಾದ 1ನೇ ಘಟಕ 962 ದಿನಗಳ ಕಾಲ ಸತತವಾಗಿ ನಡೆದಿತ್ತು. ಅದು ಅಂದಿನ ವಿಶ್ವದಾಖಲೆ. ಘಟಕವನ್ನು ನಿಲ್ಲಿಸದೆಯೇ ಇಂಧನ ಬದಲಿಸಬಲ್ಲ ವಿನ್ಯಾಸದ ಜೊತೆಗೆ, ಇಂಧನದ ಗಟ್ಟಿತನವೂ ಈ ಸಾಧನೆಯ ಹಿಂದಿದೆ. 19 ಕಡ್ಡಿಗಳ, ಸುಮಾರು ಅರ್ಧ ಮೀಟರ್ ಉದ್ದದ 3,672 ಬಂಡಲ್‌ಗಳು ಒಂದು ಘಟಕದಲ್ಲಿರುತ್ತವೆ. ಯುರೇನಿಯಂ ಗುಳಿಗೆಗಳನ್ನು ಹೊತ್ತ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಯ ಗೋಡೆ ಅರ್ಧ ಮಿಲಿಮೀಟರಿಗಿಂತಲೂ ತೆಳು. ವಿಕಿರಣಶೀಲ ವಸ್ತುಗಳಿಗೆ ಅದೇ ಮೊದಲ ಬೇಲಿ.

ಉರಿಯುವ ಇಂಧನ ಇದ್ದಂತೆಯೇ ಇರುವುದಿಲ್ಲ. ಗುಳಿಗೆಗಳು ಮೊದಲು ಸಾಂದ್ರಗೊಂಡು ತುಸು ಕುಗ್ಗುತ್ತವೆ. ವಿದಳನದ ಉತ್ಪನ್ನಗಳು ತುಂಬಿದಂತೆ ಉಬ್ಬುತ್ತವೆ. ಹೊರಗಿನ ನೀರಿನ ಒತ್ತಡಕ್ಕೆ ಕೊಳವೆ ಒಳಗೊತ್ತುತ್ತದೆ, ನ್ಯೂಟ್ರಾನ್‌ಗಳ ಹೊಡೆತಕ್ಕೆ ನೀಳವಾಗುತ್ತದೆ. ಗುಳಿಗೆಗಳು ಕೂಡುವಲ್ಲಿ ಬಿದಿರಿನ ಗೆಣ್ಣಿನಂತಹ ಉಬ್ಬುಗಳು ಏಳುತ್ತವೆ. ಶಕ್ತಿಯ ಮಟ್ಟ ಹಠಾತ್ತನೆ ಏರಿದರೆ, ಒಳಗಿನ ಅಯೋಡಿನ್ನಿನ ಜೊತೆಗೂಡಿ ಈ ಒತ್ತಡವೇ ಕೊಳವೆಯನ್ನು ಸೀಳಬಹುದು.

ಆದುದರಿಂದಲೇ ಬಳಸಿದ ಬಂಡಲ್‌ಗಳಲ್ಲಿ ಕೆಲವನ್ನು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ, ದಪ್ಪ ಗೋಡೆಯ ಕೋಣೆಗಳೊಳಗೆ ಯಂತ್ರದ ಕೈಗಳಿಂದ ಅಳೆದು, ಕೊಯ್ದು ಪರೀಕ್ಷಿಸುತ್ತಾರೆ. ಇದರಲ್ಲಿ ಅರ್ಥಶಾಸ್ತ್ರವೂ ಇದೆ. ಇಂಧನವನ್ನು ಹೆಚ್ಚು ಕಾಲ ಉರಿಸಿದಷ್ಟೂ ಯುರೇನಿಯಂ ಉಳಿಯುತ್ತದೆ. ಆದರೆ ಕೊಳವೆಯ ಮೇಲಿನ ಭಾರವೂ ಏರುತ್ತದೆ. ಲಾಭ ಎಲ್ಲಿ ಮುಗಿದು ಅಪಾಯ ಎಲ್ಲಿ ತೊಡಗುತ್ತದೆಂಬುದನ್ನು ಹೇಳಬಲ್ಲುದು ಅಳತೆ ಮಾತ್ರ.

2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ 700 ಮೆಗಾವಾಟ್‌ನ ಹತ್ತು ಘಟಕಗಳಲ್ಲಿ ಕೈಗಾದ 5 ಮತ್ತು 6 ಸೇರಿವೆ. ಅವುಗಳ ಬಂಡಲ್‌ಗಳಲ್ಲಿ 37 ಕಡ್ಡಿಗಳು. ಎಷ್ಟು ಬಂಡಲ್‌ಗಳು ಸೋರಿದವು, ಎಷ್ಟನ್ನು ಪರೀಕ್ಷಿಸಲಾಯಿತು, ಕಂಡ ಬದಲಾವಣೆ ವಿನ್ಯಾಸದ ಮಿತಿಯೊಳಗಿತ್ತೇ ಎಂಬುದನ್ನು ಪ್ರತಿ ವರ್ಷ ಕನ್ನಡದ ನಾಲ್ಕು ಪುಟಗಳಲ್ಲಿ ಕರಾವಳಿಯ ಜನರ ಮುಂದಿಡಬೇಕು. ತಜ್ಞರಿಗಾಗಿ ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳು ಈ ಕೊರತೆಯನ್ನು ತುಂಬಲಾರವು. ಭದ್ರತೆಗೆ ಧಕ್ಕೆ ತರುವ ವಿವರಗಳನ್ನು ಬೇಕಾದರೆ ಬಿಡಲಿ.

ಬ್ಯಾಂಕುಗಳ ತೊಟ್ಟಿಲೆನಿಸಿದ ಈ ನಾಡಿನವರಿಗೆ ಠೇವಣಿಯ ನೀತಿಯನ್ನು ಕಲಿಸಬೇಕಾಗಿಲ್ಲ: ವಿಶ್ವಾಸವಿಡಿ ಎನ್ನುವವರು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು.