ಸೀದ ಪಾತ್ರೆಯಲ್ಲಿ ಹಾಲು

"ಕಂಪ್ರೆಸರ್ ಹೋಗಿದೆ ಅಮ್ಮಾ, ಹೊಸದು ಹಾಕಬೇಕು" ಎಂದು ರಿಪೇರಿಯವನು ಐದೇ ನಿಮಿಷದಲ್ಲಿ ತೀರ್ಪು ಕೊಡುತ್ತಾನೆ. ಹೇಗೆ ಗೊತ್ತಾಯಿತೆಂದು ಕೇಳಿದರೆ, "ನಿಮಗೆ ತಿಳಿಯೋದಿಲ್ಲ, ಯಜಮಾನ್ರನ್ನ ಕರೀರಿ!" ನಮ್ಮ ಹಳೇಬೀಡಿನಂಥ ಊರಿನ ಮನೆಗಳಿಗೂ ಏಸಿ ಬಂದಿದೆ, ಜೊತೆಗೆ ಈ ಉಡಾಫೆಯೂ.

ತಿಳಿಯದ್ದೇನಿದೆ? ಎಷ್ಟೋ ಸಲ ಕೆಟ್ಟಿರುವುದು ಕಡಿಮೆ ಬೆಲೆಯ ಕೆಪಾಸಿಟರ್. ಇನ್ವರ್ಟರ್ ಏಸಿಯಾದರೆ ಅದರ ಬೋರ್ಡು. ಮೊದಲು ಅದನ್ನು ನೋಡಲಿ. ಆಮೇಲೆ ಕರೆಂಟು ತೆಗೆದು, ಮೀಟರಿಟ್ಟು, ಮೋಟಾರಿನ ಸುರುಳಿ ತುಂಡಾಗಿದೆಯೇ, ಲೋಹದ ಮೈಗೆ ತಗುಲಿದೆಯೇ ಎಂದು ನಮ್ಮೆದುರೇ ತೋರಿಸಲಿ.

ನಿಜಕ್ಕೂ ಸುಟ್ಟಿದ್ದರೆ, ಹೊಸದನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಶಾಖಕ್ಕೆ ಗ್ಯಾಸೂ ಎಣ್ಣೆಯೂ ಕೆಟ್ಟು ಆಮ್ಲ ಹುಟ್ಟುತ್ತದೆ, ಮಸಿ ಕೊಳವೆಗಳಲ್ಲಿ ಉಳಿಯುತ್ತದೆ. ಸೀದ ಪಾತ್ರೆಯನ್ನು ತಿಕ್ಕದೆ ಅದರಲ್ಲೇ ಹಾಲು ಕಾಯಿಸುತ್ತೇವೆಯೇ? ಕೊಳವೆ ತೊಳೆದು, ಸಾರಜನಕ ಊದಿ, ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ತೇವ ತೆಗೆದ ಮೇಲೆಯೇ ಗ್ಯಾಸು ತುಂಬಬೇಕು. ಇಲ್ಲದಿದ್ದರೆ ಹೊಸ ಮೋಟಾರಿಗೂ ಅದೇ ಗತಿ. ದಂಡ ಕಟ್ಟುವವರು ನಾವು.

ಹಳೆಯ ಗ್ಯಾಸನ್ನು ಬಯಲಿಗೆ ಬಿಡುವುದೂ ಸಲ್ಲದು. ಹಳೆಯ ಏಸಿಗಳ ಆರ್-22 ಓಜೋನ್ ಪದರವನ್ನು ತಿನ್ನುತ್ತದೆ. ಮಾಂಟ್ರಿಯಲ್ ಒಪ್ಪಂದಕ್ಕೆ ನಮ್ಮ ದೇಶ 1992ರಲ್ಲೇ ಸೇರಿದೆ.

ಯಜಮಾನರನ್ನು ಕರೆಯುವುದೇನೂ ಬೇಡ. ಮಾಡಿದ ಒಂದೊಂದು ಕೆಲಸವನ್ನೂ ಬಿಲ್ಲಿನಲ್ಲಿ ಬರೆಯುವವರೆಗೆ ದುಡ್ಡು ಬಿಚ್ಚಬೇಡಿ.