ಪ್ರವಾಸಿಯ ಜಾತಿ ಕೇಳಲ್ಲ, ಅಷ್ಟೇ



ಪೋಖರಾದಲ್ಲಿ ತೆಗೆದ ಊಟದ ಫೋಟೋ ಹಾಕಿದ ಮೇಲೆ ಒಂದೇ ಮಾತನ್ನ ಹತ್ತಾರು ಜನ ಬರೆದಿದ್ದೀರಿ. "ಬುದ್ಧ ಹುಟ್ಟಿದ ನಾಡು ಸರ್, ಅಲ್ಲಿ ನಮ್ಮ ಥರ ಜಾತಿ ಇಲ್ಲ." ಬರೆದವರು ಹೊರಗಿನವರಲ್ಲ. ನಮ್ಮವರೇ, ಸಂಘಟನೆಯಲ್ಲಿ 20 ವರ್ಷ ಸವೆಸಿದವರು. ಅದಕ್ಕೇ ಈ ಉದ್ದದ ಪೋಸ್ಟು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾವು 11 ಜನ ಲುಂಬಿನಿ ನೋಡಿಕೊಂಡು ಬಸ್ಸಲ್ಲಿ ಪೋಖರಾಕ್ಕೆ ಹೋಗಿದ್ವಿ. ಫೇವಾ ಕೆರೆ ದಂಡೆಯ ದೊಡ್ಡ ಹೋಟೆಲುಗಳ ರೇಟು ನೋಡಿ (ಗುಮಾಸ್ತನ ಸಂಬಳ ಎಲ್ಲಿಗೆ ಹೋದರೂ ಗುಮಾಸ್ತನ ಸಂಬಳವೇ) ಹಿಂದಿನ ಗಲ್ಲಿಯ ಪುಟ್ಟ ಭೋಜನಾಲಯಕ್ಕೆ ನುಗ್ಗಿದೆವು. ಐದೇ ಮೇಜು. ಹಿತ್ತಾಳೆ ತಟ್ಟೆಯ ನಡುವೆ ಅನ್ನದ ಗುಡ್ಡೆ, ಪಕ್ಕದಲ್ಲಿ ಉದ್ದಿನ ಕಪ್ಪು ದಾಲ್, ಸಾಸಿವೆ ಸೊಪ್ಪು, ಮೂಲಂಗಿ ಉಪ್ಪಿನಕಾಯಿ, ಗುಂದ್ರುಕ್. ಗುಂದ್ರುಕ್ ಅಂದ್ರೆ ಹುಳಿ ಬರಿಸಿ ಒಣಗಿಸಿದ ಸೊಪ್ಪು. ನಮ್ಮ ಹಿರಿಯರೊಬ್ಬರು ಅನ್ನ ಬೇಡ ಅಂತ ಢಿಂಡೊ ಹಾಕಿಸಿಕೊಂಡರು. ಕೋದೋ ಹಿಟ್ಟಿನದು, ಕೋದೋ ಅಂದ್ರೆ ನಮ್ಮ ರಾಗಿಯೇ. ಮುದ್ದೆಗಿಂತ ಸ್ವಲ್ಪ ಸಡಿಲ, ಅಷ್ಟೇ ವ್ಯತ್ಯಾಸ. ಅನ್ನ, ದಾಲ್ ಸಾಕು ಅನ್ನೋವರೆಗೂ ಬಡಿಸಿದರು. ಮಾಲೀಕರು ಕೇಳಿದ್ದು ಒಂದೇ ಮಾತು, "ಇಂಡಿಯಾ?" ಹೂಂ ಅಂದ್ವಿ. ಮುಗೀತು.

ಮೇಜು ಒರೆಸೋಕೆ ಬಂದ ಹುಡುಗ ನಮ್ಮ ಮಾತು ಕೇಳಿ "ಊಟ ಆಯ್ತಾ ಸಾರ್?" ಅಂದ. ಕನ್ನಡದಲ್ಲಿ! ಬೆಂಗಳೂರಿನ ಹೋಟೆಲಲ್ಲಿ ಎರಡು ವರ್ಷ ದುಡಿದಿದ್ದನಂತೆ. ನಮ್ಮ ಬ್ಯಾಡ್ಜಿನಲ್ಲಿದ್ದ ಬಾಬಾಸಾಹೇಬರ ಫೋಟೋ ಗುರುತು ಹಿಡಿದ. ಪೂರ್ತಿ ಹೆಸರು ಕೇಳಿದ್ರೆ ಕೊನೆಗೆ "ನೇಪಾಳಿ" ಅಂದ. "ಅದು ಗೊತ್ತಪ್ಪಾ, ಅಡ್ಡಹೆಸರು ಏನು?" ಅಂದರು ನಮ್ಮವರು. "ಅದೇ ಸಾರ್" ಅಂದ.

ಇದನ್ನ ಸ್ವಲ್ಪ ನಿಂತು ಓದಿ. ಬಟ್ಟೆ ಹೊಲಿಯುವ, ವಾದ್ಯ ಊದುವ ದಮಾಯಿಗಳು, ಚಪ್ಪಲಿ ಹೊಲಿಯುವ ಸಾರ್ಕಿಗಳು ಎಷ್ಟೋ ಜನ ಜಾತಿಯ ಹೆಸರು ಬಿಟ್ಟು "ನೇಪಾಳಿ" ಅಂತ ಇಟ್ಟುಕೊಂಡರು. ದೇಶದ ಹೆಸರಿನ ಹಿಂದೆ ಬಚ್ಚಿಟ್ಟುಕೊಳ್ಳೋಣ ಅಂತ. ಈಗ ಆ ಹೆಸರು ಕೇಳಿದ ತಕ್ಷಣ ಅಲ್ಲಿನವರಿಗೆ ಜಾತಿ ಗೊತ್ತಾಗಿಬಿಡುತ್ತೆ. ಬಾಡಿಗೆ ರೂಮು ಕೇಳೋಕೆ ಹೋದಾಗ ಮೊದಲ ಹೆಸರು ಮಾತ್ರ ಹೇಳ್ತೀನಿ ಅಂದ ಹುಡುಗ. ಅವನೂರಿನ ಟೀ ಅಂಗಡಿಯಲ್ಲಿ ಕುಡಿದ ಲೋಟ ತಾನೇ ತೊಳೆದಿಟ್ಟು ಬರಬೇಕಂತೆ. "ಬೆಂಗಳೂರಲ್ಲಿ ಯಾರೂ ಏನೂ ಕೇಳಲಿಲ್ಲ, ಬಹದ್ದೂರ್ ಅಂತ ಕರೀತಿದ್ರು, ಅಷ್ಟೇ. ಅಲ್ಲಿ ಜಾತಿ ಇಲ್ಲ ಸಾರ್" ಅಂದ.

ನಮ್ಮ 11 ಜನರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ನೀವು ಪೋಖರಾ ಬಗ್ಗೆ ಬರೆದಿದ್ದನ್ನೇ ಅವನು ಬೆಂಗಳೂರಿನ ಬಗ್ಗೆ ಹೇಳಿದ್ದ. ನಮ್ಮ ತಾತಂದಿರು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ನಾಡಿನ ಬಗ್ಗೆ!

ನೇಪಾಳದಲ್ಲಿ ಜಾತಿ ಬರೀ ಆಚಾರ ಆಗಿರಲಿಲ್ಲ, ಬರೆದಿಟ್ಟ ಕಾನೂನಾಗಿತ್ತು. 1854ರಲ್ಲಿ ಜಂಗ್ ಬಹದ್ದೂರ್ ರಾಣಾ ತಂದ ಮುಲುಕಿ ಐನ್. ಯಾರ ಕೈಯಿಂದ ಯಾರು ಅನ್ನ ತಿನ್ನಬಹುದು, ಯಾರ ಕೈಯ ನೀರು ಮುಟ್ಟಬಾರದು ಅಂತ ದರ್ಜೆ ಮಾಡಿಟ್ಟಿತ್ತು. ತಳದಲ್ಲಿದ್ದವರಿಗೆ ಅದು ಕೊಟ್ಟ ಹೆಸರೇ "ಪಾನಿ ನಚಲ್ನೆ", ನೀರು ನಡೆಯದವರು. ಅವರಲ್ಲೂ ಕಾಮಿ, ಸಾರ್ಕಿ, ದಮಾಯಿ, ಗಾಯಿನೆಗಳು ಮುಟ್ಟಿದರೆ ಮೈಮೇಲೆ ನೀರು ಚಿಮುಕಿಸಿಕೊಳ್ಳಬೇಕು. ತಮಾಷೆ ನೋಡಿ, ನೀರು ನಡೆಯದವರ ಆ ಪಟ್ಟಿಯಲ್ಲಿ ಯುರೋಪಿನ ಬಿಳಿಯರೂ ಇದ್ದರು, ಮ್ಲೇಚ್ಛರು ಅಂತ. ಇವತ್ತು ಫೇವಾ ದಂಡೆಯಲ್ಲಿ ಒಳ್ಳೊಳ್ಳೆ ಕುರ್ಚಿ ಯಾರಿಗೆ? ಡಾಲರ್ ಬಂತು, ಮ್ಲೇಚ್ಛರ ಮೈಲಿಗೆ ಹೋಯ್ತು. ಆ ತಟ್ಟೆ, ಪಾತ್ರೆ, ಕುಕ್ರಿ ಬಡಿದು ಮಾಡುವ ಕಾಮಿಗಳದ್ದು ಮಾತ್ರ ಹೋಗಲಿಲ್ಲ.

ಬಾಬಾಸಾಹೇಬರು 1956ರ ನವೆಂಬರಿನಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕೆ ಕಠ್ಮಂಡುವಿಗೆ ಹೋದಾಗಲೂ ಆ ಐನ್ ಜಾರಿಯಲ್ಲಿತ್ತು. ಅದು ರದ್ದಾಗಿದ್ದು 1963ರಲ್ಲಿ. ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಅಂತ ಪ್ರತ್ಯೇಕ ಕಾಯ್ದೆ ಬಂದಿದ್ದು 2011ರಲ್ಲಿ. ಕಾಯ್ದೆ ಬಂದ ಮೇಲೆ? 2020ರ ಮೇ ತಿಂಗಳಲ್ಲಿ ಪಶ್ಚಿಮ ರುಕುಮ್‌ನಲ್ಲಿ ನವರಾಜ್ ಬಿ.ಕೆ. ಅನ್ನೋ ದಲಿತ ಹುಡುಗ ತಾನು ಪ್ರೀತಿಸಿದ ಮೇಲ್ಜಾತಿಯ ಹುಡುಗಿಯನ್ನ ಕರೆತರಲು ಗೆಳೆಯರ ಜೊತೆ ಹೋದ. ಊರವರು ಅಟ್ಟಾಡಿಸಿ ಹೊಡೆದರು. ಆರು ಹೆಣ ಭೇರಿ ನದಿ ಪಾಲು. ಮರುವರ್ಷ ರಾಜಧಾನಿಯಲ್ಲೇ ದಲಿತ ಪತ್ರಕರ್ತೆಯೊಬ್ಬರಿಗೆ ಬಾಡಿಗೆ ಕೋಣೆ ಕೊಡಲಿಲ್ಲ. ಬಂಧನವಾಗಿದ್ದ ಮನೆ ಒಡತಿ ಬಿಡುಗಡೆಯಾದಾಗ ಮನೆಗೆ ಕರೆದುಕೊಂಡು ಹೋಗೋಕೆ ಶಿಕ್ಷಣ ಮಂತ್ರಿಯೇ ಸರ್ಕಾರಿ ಕಾರಲ್ಲಿ ಬಂದಿದ್ದರು! ಇದೇ ನೀವು ಹೇಳುವ ಬುದ್ಧನ ನಾಡು.

ಹಾಗಾಗಿ ಹೋಟೆಲಲ್ಲಿ ನಮ್ಮನ್ನು ಕೂರಿಸಿ ಬಡಿಸಿದರು ಅನ್ನೋದನ್ನ ದೊಡ್ಡ ಗೆಲುವು ಅಂತ ಬರೀಬೇಡಿ. ದುಡ್ಡು ಕೊಟ್ಟವನಿಗೆ ಬಡಿಸ್ತಾರೆ. ನಾನು ಕೇಳೋದು ಬೇರೆ. ಸೌಟು ಯಾರ ಕೈಲಿದೆ? ಅದು ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. 2025ರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ದಲಿತ ಹೆಣ್ಣುಮಗಳು ಬಿಸಿಯೂಟ ಮಾಡ್ತಾರೆ ಅಂತ ಮಕ್ಕಳ ಟಿ.ಸಿ. ತೆಗೆಸಿಕೊಂಡು ಹೋದ ಸುದ್ದಿ ಪತ್ರಿಕೆಯಲ್ಲೇ ಬಂತಲ್ಲ. ಅದನ್ನ ಶೇರ್ ಮಾಡಿದವರೇ ಈಗ ಪೋಖರಾದಲ್ಲಿ ಜಾತಿ ಇಲ್ಲ ಅಂತೀರಿ. ಯಾವ ಅಡುಗೆಮನೆ ಇಣುಕಿ ನೋಡಿದ್ರಿ?

ಮುಂದಿನ ತಂಡ ಅಕ್ಟೋಬರಿನಲ್ಲಿ ಹೊರಡುತ್ತೆ. ಪಟ್ಟಿಯಲ್ಲಿ ಲುಂಬಿನಿ, ಫೇವಾ, ಮಚ್ಛಪುಚ್ಛ್ರೆ ಶಿಖರ ಎಲ್ಲ ಇದೆ. ಪೋಖರಾದಲ್ಲೇ ಬಾಟುಲೆಚೌರ್ ಅಂತ ಇದೆ, ಗಂಧರ್ವರ ಕೇರಿ. ಅದೇ ಐನ್ ಗಾಯಿನೆಗಳು ಅಂತ ಬರೆದ ಜನ. ಸಾರಂಗಿ ಹಿಡಿದು ಊರೂರಿಗೆ ಸುದ್ದಿಯನ್ನ ಹಾಡಾಗಿ ಹೊತ್ತವರು. ಅವರ ಹಾಡು ಎಲ್ಲರಿಗೂ ಬೇಕಿತ್ತು, ಅವರ ಕೈಯ ನೀರು ಬೇಡವಾಗಿತ್ತು. ಅದನ್ನೂ ಪಟ್ಟಿಗೆ ಸೇರಿಸಿ. ಮೊದಲೇ ಹೇಳಿಟ್ಟು, ನ್ಯಾಯವಾದ ದುಡ್ಡು ಕೊಟ್ಟು, ಒಂದು ಹೊತ್ತಿನ ಊಟ ಅಲ್ಲೇ ಮಾಡಿ. ಅಲ್ಲಿನ ದಲಿತ ಸಂಘಟನೆಗಳ ಜೊತೆ ಅರ್ಧ ದಿನ ಕೂತು ಮಾತಾಡಿ. ಬೋಟಿಂಗ್ ಒಂದು ಗಂಟೆ ಕಮ್ಮಿ ಆದರೆ ಯಾರೂ ಸಾಯಲ್ಲ.

ಹೆಸರು ಕೊಟ್ಟವರು ಭಾನುವಾರದ ಸಭೆಗೆ ತಪ್ಪದೇ ಬನ್ನಿ, ಇದನ್ನ ಅಲ್ಲೇ ತೀರ್ಮಾನ ಮಾಡೋಣ. ಮುದ್ದೆ ಇಲ್ಲದೆ ಇರೋಕಾಗಲ್ಲ ಅನ್ನೋರಿಗೆ ಢಿಂಡೊ ಇದೆ, ಯೋಚನೆ ಬೇಡ.